ಕಡತ ಸುಟ್ಟರೆ ಗಾಡ್ಜಿಲ್ಲಾ ಸಾಯುವುದಿಲ್ಲ

ಹಿದೆಯಾಕಿ ಅನ್ನೊ ಮತ್ತು ಶಿಂಜಿ ಹಿಗುಚಿ ಸೇರಿ ಮಾಡಿದ ‘ಶಿನ್ ಗಾಡ್ಜಿಲ್ಲಾ’ 2016ರ ಜುಲೈ 29ರಂದು ಜಪಾನಿನಲ್ಲಿ ಬಿಡುಗಡೆಯಾಯಿತು. ಅಂದಿನಿಂದ ಈ ಸಿನಿಮಾದ ಬಗ್ಗೆ ಒಂದೇ ವ್ಯಾಖ್ಯಾನ ಬಾಯಿಂದ ಬಾಯಿಗೆ ದಾಟುತ್ತ ಬಂದಿದೆ. ಅದು ಹೀಗಿದೆ: ಸಮುದ್ರದಿಂದ ದೈತ್ಯಪ್ರಾಣಿಯೊಂದು ಎದ್ದು ಬರುತ್ತದೆ, ಸರ್ಕಾರ ಸಭೆ ನಡೆಸುತ್ತ ಕೂರುತ್ತದೆ, ಒಂದು ಸಭೆ ಮುಗಿಸಿ ಪಕ್ಕದ ಕೋಣೆಗೆ ಹೋಗಿ ಮತ್ತೊಂದು ಸಭೆ ಸೇರುತ್ತದೆ, ಅಷ್ಟರಲ್ಲಿ ಊರು ನೆಲಸಮವಾಗುತ್ತದೆ. ಕೊನೆಗೆ ಹುದ್ದೆ, ಪದ್ಧತಿ, ಶಿಷ್ಟಾಚಾರಗಳನ್ನು ಬದಿಗೊತ್ತಿದ ಯುವ ನಾಯಕನೊಬ್ಬ ದೇಶ ಉಳಿಸುತ್ತಾನೆ. ಆದ್ದರಿಂದ ಇದು ಅಧಿಕಾರಶಾಹಿಯ ಲೇವಡಿ. ಆಪತ್ಕಾಲದಲ್ಲಿ ಕಾನೂನು ಕಾಲಿಗೆ ತೊಡಕು, ಸಮಾಲೋಚನೆ ಕಾಲಹರಣ, ಬೇಕಾದದ್ದು ಗಟ್ಟಿ ಗುಂಡಿಗೆಯ ಒಬ್ಬ ಮನುಷ್ಯ. ಇದೇ ಸಿನಿಮಾದ ನೀತಿ ಎನ್ನುತ್ತಾರೆ. ಹೊಗಳುವವರೂ ಇದನ್ನೇ ಹೇಳುತ್ತಾರೆ. ಇದು ರಾಷ್ಟ್ರವಾದಿ ಸಿನಿಮಾ ಎಂದು ತೆಗಳುವವರೂ ಇದನ್ನೇ ಹೇಳಿ, ಆಮೇಲೆ ಮುಖ ತಿರುಗಿಸುತ್ತಾರೆ.

ಎರಡೂ ಕಡೆಯವರು ಸಿನಿಮಾದ ಮೊದಲ ಭಾಗ ನೋಡಿ ನಕ್ಕು, ಉಳಿದದ್ದನ್ನು ಆ ನಗೆಯ ಗುಂಗಿನಲ್ಲೇ ನೋಡಿ ಮುಗಿಸಿದ್ದಾರೆ. ಕತೆಯಲ್ಲಿ ಯಾವ ನಿರ್ಧಾರದ ಹಿಂದೆ ಯಾವ ವಿನಾಶ ಬರುತ್ತದೆ ಎಂದು ಸಾಲಾಗಿ ಜೋಡಿಸಿ ನೋಡಿದರೆ ಆ ವ್ಯಾಖ್ಯಾನ ಒಂದು ಗಳಿಗೆಯೂ ನಿಲ್ಲುವುದಿಲ್ಲ. ಈ ಸಿನಿಮಾದ ವಿಡಂಬನೆ ಗುರಿಯಿಟ್ಟಿರುವುದು ಆಡಳಿತದ ನಿಧಾನದ ಮೇಲಲ್ಲ, ಅದರ ಕಿವುಡುತನದ ಮೇಲೆ. ಅಧಿಕಾರಕ್ಕೆ ಹಿತವಲ್ಲದ ಸತ್ಯವನ್ನು ಹೇಳುವವರ ಬಾಯಿ ಮುಚ್ಚಿಸುವ, ಗೊತ್ತಿದ್ದದ್ದನ್ನು ಬಚ್ಚಿಡುವ, ಆಮೇಲೆ ಎಲ್ಲವೂ ಅನಿರೀಕ್ಷಿತವಾಗಿ ಬಂದಂತೆ ನಟಿಸುವ ಆಳ್ವಿಕೆಯ ಮೇಲೆ. ಈ ವ್ಯತ್ಯಾಸವನ್ನು ಒತ್ತಿ ಹೇಳಬೇಕಾದ ಕಾರಣವಿದೆ. ನಿಧಾನವೇ ರೋಗವೆಂದು ನಂಬಿದ ಸಮಾಜ, ಸಿಕ್ಕ ಮೊದಲ ಅವಸರದ ಮನುಷ್ಯನ ಕೈಗೆ ಎಲ್ಲ ಅಧಿಕಾರವನ್ನೂ ಒಪ್ಪಿಸಿಬಿಡುತ್ತದೆ.

ಮೊದಲಿಗೆ ಒಪ್ಪಬೇಕಾದದ್ದನ್ನು ಒಪ್ಪೋಣ. ಸಭೆಗಳಿವೆ, ಲೆಕ್ಕವಿಲ್ಲದಷ್ಟಿವೆ. 328 ಕಲಾವಿದರ ಹೆಸರು ಪಟ್ಟಿಯಲ್ಲಿರುವ ಸಿನಿಮಾ ಇದು. ಅವರಲ್ಲಿ ಬಹುಪಾಲು ಜನ ಸೂಟು ತೊಟ್ಟು ಮೇಜಿನ ಸುತ್ತ ಕೂತವರು. ಪ್ರತಿಯೊಬ್ಬರ ಹೆಸರು, ಹುದ್ದೆ, ಇಲಾಖೆ ತೆರೆಯ ಮೇಲೆ ಅಕ್ಷರಗಳಲ್ಲಿ ಮೂಡಿ, ಓದಿ ಮುಗಿಸುವ ಮುನ್ನ ಮಾಯವಾಗುತ್ತವೆ. ಹೆಲಿಕಾಪ್ಟರಿನಲ್ಲಿ ಕೂತ ಸೈನಿಕ ಗುಂಡು ಹಾರಿಸಲೇ ಎಂದು ಕೇಳಿದರೆ ಆ ಪ್ರಶ್ನೆ ಮೆಟ್ಟಿಲು ಮೆಟ್ಟಿಲಾಗಿ ಪ್ರಧಾನಮಂತ್ರಿಯವರೆಗೆ ಏರಿ, ಉತ್ತರ ಅದೇ ಮೆಟ್ಟಿಲುಗಳಲ್ಲಿ ಇಳಿದು ಬರಬೇಕು. ನಗು ಬರುವುದು ಸಹಜ, ನಗಿಸುವುದೇ ನಿರ್ದೇಶಕರ ಉದ್ದೇಶ ಕೂಡ. ಆದರೆ ನಕ್ಕ ಮೇಲೆ ಕೇಳಬೇಕಾದ ಪ್ರಶ್ನೆಯೊಂದಿದೆ. ಈ ಕತೆಯಲ್ಲಿ ಜನರನ್ನು ಕೊಂದದ್ದು ಈ ಮೆಟ್ಟಿಲುಗಳೇ?

ಘಟನೆಗಳ ಸಾಲು ನೋಡಿ. ಟೋಕಿಯೊ ಕೊಲ್ಲಿಯ ಸುರಂಗದಲ್ಲಿ ನೀರು ನುಗ್ಗುತ್ತದೆ, ಸಮುದ್ರ ಕುದಿಯುತ್ತದೆ. ಇದೊಂದು ದೊಡ್ಡ ಜೀವಿಯಿರಬಹುದು ಎಂದು ಉಪ ಮುಖ್ಯ ಸಂಪುಟ ಕಾರ್ಯದರ್ಶಿ ರಾಂದೊ ಯಾಗುಚಿ ಹೇಳಿದಾಗ ಹಿರಿಯರು ಅವನನ್ನು ಗದರಿ ಕೂರಿಸುತ್ತಾರೆ. ಕರೆಸಿದ ಪ್ರಾಣಿಶಾಸ್ತ್ರದ ಪಂಡಿತರು ತಮ್ಮ ಹೆಸರು ಕೆಡದಂತೆ ಮಾತಾಡಿ ಎದ್ದು ಹೋಗುತ್ತಾರೆ. ಪರಿಸರ ಸಚಿವಾಲಯದ ಕಿರಿಯ ಅಧಿಕಾರಿ ಹಿರೋಮಿ ಒಗಾಶಿರಾ ಅದು ನೆಲಕ್ಕೆ ಹತ್ತಬಲ್ಲದು ಎಂದು ಎಚ್ಚರಿಸುತ್ತಾಳೆ. ಯಾರೂ ಕಿವಿಗೊಡುವುದಿಲ್ಲ. ಜನರಿಗೆ ಧೈರ್ಯ ಹೇಳುವ ಹುಮ್ಮಸ್ಸಿನಲ್ಲಿ ಪ್ರಧಾನಿ ಸೆಯಿಜಿ ಓಕೋಚಿ ಅದು ದಡ ಹತ್ತುವುದಿಲ್ಲವೆಂದು ಟಿವಿ ಕ್ಯಾಮೆರಾಗಳ ಮುಂದೆ ಘೋಷಿಸುತ್ತಾರೆ. ಅದೇ ಹೊತ್ತಿಗೆ ಅದು ಕಮಾತಾದಲ್ಲಿ ದಡ ಹತ್ತಿರುತ್ತದೆ. ಗಂಟುಮೂಟೆ ಕಟ್ಟುತ್ತಿದ್ದ ಒಂದು ಕುಟುಂಬ ತಮ್ಮ ಮನೆಯೊಳಗೇ, ಕಟ್ಟಡ ಮಗುಚಿ ಸಾಯುತ್ತದೆ. ಈ ಸಾವು ನಿಧಾನದ ಸಾವೆಂದು ಹೇಳುವುದು ಸುಲಭ. ಆದರೆ ಅವರಿಗೆ ಮನೆ ಬಿಡಿ ಎಂಬ ಮಾತು ಸಮಯಕ್ಕೆ ತಲುಪದೆ ಹೋದದ್ದು ಸಭೆ ಉದ್ದವಾದ್ದರಿಂದ ಅಲ್ಲ. ಸಭೆಯಲ್ಲಿ ಸರಿಯಾದ ಮಾತು ಬಂದಿತ್ತು. ಅದನ್ನಾಡಿದವಳು ಕಿರಿಯಳೆಂದು ತಳ್ಳಿಹಾಕಲಾಯಿತು. ಪ್ರಧಾನಿಯ ಘೋಷಣೆಯಂತೂ ಕ್ಷಣಾರ್ಧದಲ್ಲಿ ಆದದ್ದು. ಅದರಲ್ಲಿ ಕೊರತೆಯಾದದ್ದು ವೇಗವಲ್ಲ.

ನಂತರದ ಸಾಲು ಇನ್ನೂ ಸ್ಪಷ್ಟ. ಪ್ರಾಣಿ ಸಮುದ್ರಕ್ಕೆ ಮರಳಿ, ಇಮ್ಮಡಿ ಬೆಳೆದು ಕಾಮಾಕುರಾದಲ್ಲಿ ಮತ್ತೆ ಮೇಲೇಳುತ್ತದೆ. ಈ ಬಾರಿ ಸರ್ಕಾರ ತಡವರಿಸುವುದಿಲ್ಲ. ತಾಮಾ ನದಿಯ ದಡದಲ್ಲಿ ದೇಶದ ಸೈನ್ಯವಾದ ಆತ್ಮರಕ್ಷಣಾ ಪಡೆ ಟ್ಯಾಂಕು, ಹೆಲಿಕಾಪ್ಟರು, ಯುದ್ಧವಿಮಾನಗಳೊಂದಿಗೆ ಸಾಲುಗಟ್ಟುತ್ತದೆ. ಆದೇಶ ಗಡಿಯಾರದಂತೆ ಸಾಗುತ್ತದೆ. ಒಂದು ಗುಂಡೂ ಗುರಿ ತಪ್ಪುವುದಿಲ್ಲ. 118.5 ಮೀಟರ್ ಎತ್ತರದ ಆ ಜೀವಿಗೆ ತರಚು ಗಾಯವೂ ಆಗುವುದಿಲ್ಲ. ಆಮೇಲೆ ಬರುವುದು ಅಮೆರಿಕದ ಬಿ-2 ಬಾಂಬರ್‌ಗಳು. ಇಡೀ ಸಿನಿಮಾದಲ್ಲಿ ಇದಕ್ಕಿಂತ ಚುರುಕಾದ, ಇದಕ್ಕಿಂತ ಬಲವಾದ, ಇದಕ್ಕಿಂತ ಕಡಿಮೆ ಚರ್ಚೆಯ ನಿರ್ಧಾರ ಮತ್ತೊಂದಿಲ್ಲ. ಆ ಬಾಂಬುಗಳು ಗಾಡ್ಜಿಲ್ಲಾದ ಬೆನ್ನು ಸೀಳುತ್ತವೆ, ರಕ್ತ ಸುರಿಯುತ್ತದೆ. ಆ ನೋವಿಗೆ ಉತ್ತರವಾಗಿಯೇ ಅದರ ಬಾಯಿಂದ ಮೊದಲ ಬಾರಿ ಬೆಂಕಿ ಹೊರಡುತ್ತದೆ. ಬೆಂಕಿ ಕಿರಣವಾಗಿ, ಕಿರಣ ಕತ್ತಿಯಾಗಿ ರಾಜಧಾನಿಯ ಹೃದಯವನ್ನು ಸುಡುತ್ತದೆ. ಬಾಂಬರ್‌ಗಳು ಉದುರುತ್ತವೆ. ಪ್ರಧಾನಿಯೂ ಸಂಪುಟದ ಹಿರಿಯರೂ ಇದ್ದ ಹೆಲಿಕಾಪ್ಟರ್ ಆಕಾಶದಲ್ಲೇ ಬೂದಿಯಾಗುತ್ತದೆ.

ಇದು ಕತೆಯ ನಡುಮಧ್ಯೆ ಇರುವ ಘಟನೆ, ಕಣ್ತಪ್ಪುವಂಥದ್ದಲ್ಲ. ಸಿನಿಮಾದಲ್ಲಿ ಅತಿ ಹೆಚ್ಚು ಜನ ಸತ್ತದ್ದು ಅತಿ ನಿರ್ಣಾಯಕವಾದ ಹೆಜ್ಜೆ ಇಟ್ಟಾಗ. ನಿಧಾನವನ್ನು ಹಳಿಯುವುದೇ ಅನ್ನೊನ ಉದ್ದೇಶವಾಗಿದ್ದರೆ ಆತ ಕತೆಯನ್ನು ತಿರುವುಮುರುವಾಗಿ ಬರೆಯುತ್ತಿದ್ದ: ಬಾಂಬು ಬೀಳಬೇಕಿತ್ತು, ಸಭೆಯಿಂದ ತಡವಾಯಿತು, ಆ ತಡದಿಂದ ನಗರ ಉರಿಯಿತು ಎಂದು. ಆತ ಹಾಗೆ ಬರೆಯಲಿಲ್ಲ. ಬಾಂಬು ಬಿತ್ತು, ಆದ್ದರಿಂದ ನಗರ ಉರಿಯಿತು ಎಂದೇ ಬರೆದ.

ಹಾಗಾದರೆ ರೈಲ್ವೆ ಗೇಟಿನ ದೃಶ್ಯ? ಎಲ್ಲರೂ ಬೆರಳು ತೋರುವುದು ಅದರತ್ತಲೇ. ಮೊದಲ ದಾಳಿಯಲ್ಲಿ ಹೆಲಿಕಾಪ್ಟರ್‌ಗಳು ಗುರಿ ಹಿಡಿದು ನಿಂತಿವೆ, ಪ್ರಾಣಿ ಇನ್ನೂ ಚಿಕ್ಕದು. ಆಗ ಇಬ್ಬರು ಹಳಿ ದಾಟುತ್ತಿರುವುದು ಕಾಣುತ್ತದೆ. ವಯಸ್ಸಾದ ಜೀವವನ್ನು ಬೆನ್ನ ಮೇಲೆ ಹೊತ್ತು ಒಬ್ಬರು ನಡೆಯುತ್ತಿದ್ದಾರೆ. ಓಕೋಚಿ ದಾಳಿ ನಿಲ್ಲಿಸುತ್ತಾರೆ. ಕೈಗೆ ಬಂದ ಅವಕಾಶವನ್ನು ಒಬ್ಬ ಪುಕ್ಕಲ ಕೈಚೆಲ್ಲಿದ ಎಂದು ಇದನ್ನು ವಿವರಿಸುವವರಿದ್ದಾರೆ. ಆದರೆ ಆ ಪುಕ್ಕಲ ಅಲ್ಲಿಯವರೆಗೆ ಯಾರೋ ಹೇಳಿದ್ದನ್ನು ಒಪ್ಪುತ್ತ ಬಂದಿದ್ದವನು. ಆ ಕ್ಷಣದಲ್ಲಿ ಮಾತ್ರ, ಸುತ್ತಲಿನವರ ಒತ್ತಡದ ನಡುವೆ, ಆತ ಸ್ವಂತವಾಗಿ ನಿರ್ಧರಿಸುತ್ತಾನೆ: ಆತ್ಮರಕ್ಷಣಾ ಪಡೆಯ ಗುಂಡು ತನ್ನದೇ ಪ್ರಜೆಗೆ ತಗಲಕೂಡದು. ಯುದ್ಧಾನಂತರದ ಜಪಾನ್ ತನ್ನ ಸೈನ್ಯದ ಬಗ್ಗೆ ಮಾಡಿಕೊಂಡ ದೊಡ್ಡ ಪ್ರತಿಜ್ಞೆಗಳಲ್ಲಿ ಅದೂ ಒಂದು. ಅದನ್ನು ಉಳಿಸಿಕೊಂಡವನನ್ನು ಕ್ಯಾಮೆರಾ ಹಾಸ್ಯಕ್ಕೆ ಒಡ್ಡುವುದಿಲ್ಲ. ಆ ಹೊತ್ತಿಗೆ ಗುಂಡು ಹಾರಿಸಿದ್ದರೆ ಪ್ರಾಣಿ ಸಾಯುತ್ತಿತ್ತು ಎನ್ನುವುದಕ್ಕೆ ಸಿನಿಮಾದಲ್ಲಿ ಆಧಾರವೂ ಇಲ್ಲ. ಇಬ್ಬರು ಸತ್ತರೆ ಸಾಯಲಿ ಎಂದು ನಾವು ನಮ್ಮ ಕುರ್ಚಿಯಲ್ಲಿ ಕೂತು ಲೆಕ್ಕ ಹಾಕುವಾಗ ಆ ಇಬ್ಬರಲ್ಲಿ ನಮ್ಮ ಮನೆಯವರಿಲ್ಲ ಎಂಬ ಭರವಸೆಯಿಂದಲೇ ಹಾಕುತ್ತೇವೆ.

ಸಿನಿಮಾ ಹುಟ್ಟಿದ ನೆಲಕ್ಕೆ ಬಂದರೆ ಚಾಲ್ತಿಯಲ್ಲಿರುವ ವ್ಯಾಖ್ಯಾನ ಮತ್ತಷ್ಟು ಕುಸಿಯುತ್ತದೆ. ‘ಶಿನ್ ಗಾಡ್ಜಿಲ್ಲಾ’ದ ಹಿಂದಿರುವುದು 2011ರ ಮಾರ್ಚ್ 11 ಎಂಬುದರಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿಲ್ಲ. 9.0 ತೀವ್ರತೆಯ ಭೂಕಂಪ, ಸುನಾಮಿ, ಸತ್ತವರೂ ಕಾಣೆಯಾದವರೂ ಸೇರಿ 18,000ಕ್ಕೂ ಹೆಚ್ಚು ಜನ, ಫುಕುಶಿಮಾ ದಾಯಿಚಿ ಅಣುಸ್ಥಾವರದ ಮೂರು ರಿಯಾಕ್ಟರುಗಳಲ್ಲಿ ಇಂಧನ ಕರಗಿದ್ದು, ಮನೆ ಬಿಟ್ಟು ಹೊರಟ ಲಕ್ಷಾಂತರ ಮಂದಿ. ಸಿನಿಮಾದ ಮಂತ್ರಿಗಳು ತೊಡುವ ನೀಲಿ ಅಂಗಿ ಆ ದಿನಗಳಲ್ಲಿ ಟಿವಿಯಲ್ಲಿ ಕಂಡದ್ದೇ. ಅಂದು ಮುಖ್ಯ ಸಂಪುಟ ಕಾರ್ಯದರ್ಶಿಯಾಗಿದ್ದ ಯುಕಿಯೊ ಎದಾನೊ ಈ ಚಿತ್ರತಂಡಕ್ಕೆ ಮಾಹಿತಿ ಕೊಟ್ಟವರಲ್ಲೊಬ್ಬರು. ಕೊನೆಯಲ್ಲಿ ಗಾಡ್ಜಿಲ್ಲಾದ ಬಾಯಿಗೆ ರಕ್ತ ಹೆಪ್ಪುಗಟ್ಟಿಸುವ ದ್ರವ ಸುರಿಯುವ ಕಾಂಕ್ರೀಟ್ ಪಂಪುಗಳೂ ಅಲ್ಲಿಂದಲೇ ಬಂದವು. ಫುಕುಶಿಮಾದಲ್ಲಿ ಬಳಸಿದ ಇಂಧನ ಇಟ್ಟಿದ್ದ ಕೊಳಕ್ಕೆ ಅಂಥದೇ ಉದ್ದ ತೋಳಿನ ಯಂತ್ರಗಳಿಂದ ನೀರು ಹಾಯಿಸಿದ್ದರು.

ಆ ದುರಂತದಲ್ಲಿ ದೇಶವನ್ನು ಕೆಡಿಸಿದ್ದು ಕಡತಗಳ ಹೆಚ್ಚಳವೇ? ದಾಖಲೆಗಳು ಹೇಳುವುದು ತೀರ ಬೇರೆ. 15.7 ಮೀಟರ್ ಎತ್ತರದ ಸುನಾಮಿ ಆ ದಡಕ್ಕೆ ಬರಬಹುದು ಎಂದು ಸ್ಥಾವರದ ಒಡೆಯರಾದ ಟೆಪ್ಕೊ ಕಂಪನಿಯೊಳಗೇ 2008ರಲ್ಲಿ ಲೆಕ್ಕ ಸಿದ್ಧವಾಗಿತ್ತು. ಆ ಲೆಕ್ಕದ ಮೇಲೆ ಗೋಡೆ ಏಳಲಿಲ್ಲ. ಸ್ಥಾವರದಿಂದ 5 ಕಿಲೋಮೀಟರ್ ದೂರದ ತುರ್ತು ನಿರ್ವಹಣಾ ಕೇಂದ್ರಕ್ಕೆ ವಿಕಿರಣ ತಡೆಯುವ ಗಾಳಿ ಶೋಧಕ ಬೇಕೆಂದು 2009ರಲ್ಲಿ ಸರ್ಕಾರದ್ದೇ ಪರಿಶೀಲನೆ ಶಿಫಾರಸು ಮಾಡಿತ್ತು. ಅಳವಡಿಸಲಿಲ್ಲ, ದುರಂತ ಬಂದಾಗ ಆ ಕೇಂದ್ರವನ್ನೇ ಖಾಲಿ ಮಾಡಬೇಕಾಯಿತು. ಅಂದರೆ ಕಡತ ತನ್ನ ಕೆಲಸ ಮಾಡಿತ್ತು. ಅದನ್ನು ಓದಬೇಕಾದವರು ಓದಲಿಲ್ಲ.

ವಿಕಿರಣ ಯಾವ ದಿಕ್ಕಿಗೆ ಹರಡುತ್ತದೆ ಎಂದು ಲೆಕ್ಕ ಹಾಕುವ ‘ಸ್ಪೀಡಿ’ ಎಂಬ ವ್ಯವಸ್ಥೆ ಜಪಾನಿನಲ್ಲಿತ್ತು. ಅದರ ಮಾಹಿತಿ ಮಾರ್ಚ್ 14ರಂದೇ ಅಮೆರಿಕದ ಸೈನ್ಯಕ್ಕೆ ಸಿಕ್ಕಿತು, ಜಪಾನಿನ ಜನರಿಗೆ ಸಿಕ್ಕಿದ್ದು 23ರಂದು. ಈ ನಡುವೆ ನಮಿಯೆ ಪಟ್ಟಣದ ಜನ ಸ್ಥಾವರದಿಂದ ದೂರ ಹೋಗುತ್ತಿದ್ದೇವೆಂದು ನಂಬಿ ತ್ಸುಶಿಮಾ ಎಂಬ ಭಾಗಕ್ಕೆ ಹೋದರು. ವಿಕಿರಣ ಹೊತ್ತ ಗಾಳಿ ಹೋದದ್ದೂ ಅದೇ ದಿಕ್ಕಿಗೆ. ಮಕ್ಕಳು ಅಲ್ಲಿ ಬಯಲಲ್ಲಿ ಆಡಿದರು. ಇದು ನಿಧಾನ ಎನ್ನುವ ಸಾಧು ಪದದಲ್ಲಿ ಅಡಗುವ ಅಪರಾಧವಲ್ಲ. ಗೊತ್ತಿದ್ದೂ ಹೇಳದೆ ಇದ್ದದ್ದು. ಇನ್ನು ಅಣುದುರಂತ ನಿರ್ವಹಣೆಗೆಂದು ಪ್ರಧಾನಿಯ ನೇತೃತ್ವದಲ್ಲಿ ರಚಿಸಿದ್ದ ಕೇಂದ್ರ, ತನ್ನ ಸಭೆಗಳ ನಡಾವಳಿಯನ್ನೇ ಬರೆದಿಟ್ಟಿರಲಿಲ್ಲ ಎಂಬುದು 2012ರ ಜನವರಿಯಲ್ಲಿ ಬಯಲಾಯಿತು. ಕಾಗದ ಹೆಚ್ಚಾಗಿ ದೇಶ ಕೆಟ್ಟಿತೆನ್ನುವವರು ಇದಕ್ಕೆ ಏನು ಹೇಳುತ್ತಾರೆ?

ಗಟ್ಟಿ ಗುಂಡಿಗೆಯ ನಾಯಕನ ವಿಷಯಕ್ಕೂ ಬರೋಣ. 2011ರಲ್ಲಿ ಅಂಥ ನಾಯಕನೊಬ್ಬನಿದ್ದ. ಪ್ರಧಾನಿ ನಾವೊತೊ ಕಾನ್ ಮಾರ್ಚ್ 12ರ ಬೆಳಗ್ಗೆ ಹೆಲಿಕಾಪ್ಟರ್ ಏರಿ ನೇರ ಸ್ಥಾವರಕ್ಕೇ ಹೋದರು. ಕಂಪನಿ ಮತ್ತು ನಿಯಂತ್ರಣ ಸಂಸ್ಥೆ ಸತ್ಯ ಹೇಳುತ್ತಿಲ್ಲವೆಂಬ ಅವರ ಸಿಟ್ಟು ನ್ಯಾಯವಾದದ್ದೇ. ಆದರೆ ಪ್ರಧಾನಿ ಕಚೇರಿ ಹೀಗೆ ನೇರವಾಗಿ ಕೈಹಾಕಿದ್ದರಿಂದ ಆದೇಶದ ಸರಪಳಿ ಗೋಜಲಾಯಿತೆಂದು ಸಂಸತ್ತು ನೇಮಿಸಿದ್ದ ಸ್ವತಂತ್ರ ತನಿಖಾ ಆಯೋಗ ದೂರಿತು. ಸ್ಥಾವರದ ವ್ಯವಸ್ಥಾಪಕ ಮಸಾವೊ ಯೊಶಿದಾರನ್ನು ಪದ್ಧತಿ ಮುರಿದ ವೀರನೆಂದು ಹಲವರು ನೆನೆಯುತ್ತಾರೆ: ರಿಯಾಕ್ಟರಿಗೆ ಸಮುದ್ರದ ನೀರು ಹಾಯಿಸುವುದನ್ನು ನಿಲ್ಲಿಸಿ ಎಂದು ಮೇಲಿನಿಂದ ಬಂದ ಮಾತನ್ನು ಒಪ್ಪಿದಂತೆ ತೋರಿಸಿ, ನೀರು ಹಾಯಿಸುತ್ತಲೇ ಇದ್ದವರು ಅವರು. ಅವರ ಧೈರ್ಯಕ್ಕೆ ನಾನೂ ತಲೆಬಾಗುತ್ತೇನೆ. ಆದರೆ ಆ ಮಾತು ಬಂದದ್ದಾದರೂ ಎಲ್ಲಿಂದ? ಪ್ರಧಾನಿ ಕಚೇರಿಯಲ್ಲಿ ಕೂತಿದ್ದ ಕಂಪನಿಯ ಹಿರಿಯನೊಬ್ಬ, ಅಲ್ಲಿ ಚರ್ಚೆ ಇನ್ನೂ ಮುಗಿದಿಲ್ಲವೆಂದು ಕಂಡು, ದೊರೆಯ ಮನಸ್ಸನ್ನು ಊಹಿಸಿ ಮಾಡಿದ ಫೋನು ಅದು. ನಿಯಮದ ಪ್ರಕಾರ ಬಂದ ಆದೇಶವೇ ಅಲ್ಲ. ಯೊಶಿದಾ ಮುರಿದದ್ದು ಪದ್ಧತಿಯನ್ನಲ್ಲ. ಪದ್ಧತಿಯನ್ನು ಬದಿಗೊತ್ತಿ ಬಂದ ಹುಕುಮನ್ನು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಆಳ್ವಿಕೆಯಲ್ಲಿ, ಎತ್ತು ಈಯುವುದಿಲ್ಲ ಎಂದು ಹೇಳುವವನಿಗೆ ನೆಲೆ ಒದಗಿಸುವುದು ನಿಯಮವೇ.

ಕಿಯೋಶಿ ಕುರೊಕಾವಾ ಅಧ್ಯಕ್ಷತೆಯ ಆ ಆಯೋಗ 2012ರ ಜುಲೈನಲ್ಲಿ ವರದಿ ಕೊಟ್ಟು, ಇದು ಮನುಷ್ಯನಿರ್ಮಿತ ದುರಂತ ಎಂದಿತು. ಸರ್ಕಾರ, ನಿಯಂತ್ರಕರು, ಕಂಪನಿ ಒಳಗೊಳಗೇ ಕೈಜೋಡಿಸಿದ್ದರು ಎಂದಿತು. ಅಣುಶಕ್ತಿಯನ್ನು ಬೆಳೆಸುವ ಸಚಿವಾಲಯದ ಅಡಿಯಲ್ಲೇ ಅದನ್ನು ನಿಯಂತ್ರಿಸುವ ಸಂಸ್ಥೆಯೂ ಇತ್ತು. ನಿಯಮಗಳು ಹೆಚ್ಚಾಗಿ ಬಂದ ಕೇಡಲ್ಲ ಇದು. ನಿಯಮದ ಹಲ್ಲು ಕಿತ್ತು, ಮೈಮೇಲಿನ ಚರ್ಮ ಮಾತ್ರ ಉಳಿಸಿಕೊಂಡದ್ದರ ಫಲ. ‘ಶಿನ್ ಗಾಡ್ಜಿಲ್ಲಾ’ದ ಸಭೆಗಳು ನಮ್ಮಲ್ಲಿ ನಗೆ ತರಿಸುವುದು ಆ ಕಾರಣಕ್ಕೆ: ಅಲ್ಲಿ ಸಭೆಯ ರೂಪವಿದೆ, ಸಭೆಯಿಲ್ಲ. ತೀರ್ಮಾನ ಮೊದಲೇ ಆಗಿರುತ್ತದೆ; ಕಾಗದ ಓದಲಾಗುತ್ತದೆ; ಎದುರು ಮಾತಾಡಿದವರನ್ನು ಕೂರಿಸಲಾಗುತ್ತದೆ. ಇದನ್ನು ಕಂಡು ‘ಸಭೆಯೇ ಬೇಡ’ ಎನ್ನುವವರು ರೋಗದ ಪರವಾಗಿಯೇ ಮಾತಾಡುತ್ತಿದ್ದಾರೆ.

ಗಾಡ್ಜಿಲ್ಲಾದ ಮೊದಲ ಸಿನಿಮಾದಲ್ಲೇ ಈ ಕಾಳಜಿಯ ಬೇರಿದೆ. ಇಶಿರೊ ಹೊಂದಾ ನಿರ್ದೇಶನದ ಆ ಚಿತ್ರ 1954ರ ನವೆಂಬರ್ 3ರಂದು ಬಂತು. ಅದೇ ವರ್ಷ ಮಾರ್ಚ್ 1ರಂದು ಬಿಕಿನಿ ದ್ವೀಪದಲ್ಲಿ ಅಮೆರಿಕ ಸಿಡಿಸಿದ ಹೈಡ್ರೋಜನ್ ಬಾಂಬಿನ ಬೂದಿ ಒಂದು ಜಪಾನಿ ಮೀನುಗಾರಿಕೆ ದೋಣಿಯ ಮೇಲೆ ಸುರಿದಿತ್ತು. ಅದರ ರೇಡಿಯೊ ನಿರ್ವಾಹಕ ಐಕಿಚಿ ಕುಬೊಯಾಮಾ ಸೆಪ್ಟೆಂಬರ್‌ನಲ್ಲಿ ತೀರಿಕೊಂಡಿದ್ದರು. ಸಿನಿಮಾದಲ್ಲಿ ಸಂಸತ್ತಿನ ದೃಶ್ಯವೊಂದಿದೆ. ಗಾಡ್ಜಿಲ್ಲಾ ಎದ್ದದ್ದು ಹೈಡ್ರೋಜನ್ ಬಾಂಬಿನ ಪರೀಕ್ಷೆಯಿಂದ ಎಂದು ವಿಜ್ಞಾನಿ ಹೇಳಿದಾಗ, ವಿದೇಶಾಂಗ ಸಂಬಂಧ ಕೆಡುತ್ತದೆ, ಇದನ್ನು ಮುಚ್ಚಿಡಬೇಕು ಎಂದು ಒಬ್ಬ ಸದಸ್ಯ ಎದ್ದು ವಾದಿಸುತ್ತಾನೆ. ಸತ್ಯ ಜನರಿಗೆ ತಿಳಿಯಲೇಬೇಕೆಂದು ಮಹಿಳಾ ಸದಸ್ಯರು ಅವನ ಮೇಲೆ ಮುಗಿಬೀಳುತ್ತಾರೆ. ಅಮೆರಿಕದ ಪ್ರೇಕ್ಷಕರಿಗೆಂದು 1956ರಲ್ಲಿ ಕತ್ತರಿಸಿ ಜೋಡಿಸಿದ ಆವೃತ್ತಿಯಲ್ಲಿ ಈ ಜಗಳವಿಲ್ಲ.  ಅಂದರೆ ಈ ಪರಂಪರೆಯ ಮೊದಲ ಸಭೆಯಲ್ಲೇ ಪ್ರಶ್ನೆ ಇದ್ದದ್ದು ಎಷ್ಟು ಬೇಗ ತೀರ್ಮಾನಿಸಬೇಕು ಎಂಬುದಲ್ಲ, ಯಾರಿಂದ ಏನನ್ನು ಮುಚ್ಚಿಡಲಾಗುತ್ತಿದೆ ಎಂಬುದು. 2016ರ ಸಿನಿಮಾದಲ್ಲೂ ಅದೇ: ಸಮುದ್ರಕ್ಕೆ ಸುರಿದ ಅಣುತ್ಯಾಜ್ಯವನ್ನು ತಿಂದು ಈ ಜೀವಿ ಬೆಳೆಯಿತು; ಅದನ್ನು ಮೊದಲೇ ಬಲ್ಲ ವಿಜ್ಞಾನಿ ಗೊರೊ ಮಾಕಿಯನ್ನು ಜಪಾನಿನಲ್ಲಿ ದೂರವಿಟ್ಟಿದ್ದರು; ಅಮೆರಿಕದ ಬಳಿ ಮಾಹಿತಿ ಇತ್ತು, ಹೊರಗೆ ಬಿಟ್ಟಿರಲಿಲ್ಲ.

ನೆರೆಯ ಕೊರಿಯಾದ ಬೊಂಗ್ ಜೂನ್-ಹೋ 2006ರಲ್ಲಿ ಮಾಡಿದ ‘ದಿ ಹೋಸ್ಟ್’ ಕೂಡ ಇದೇ ಮಾತಿಗೆ ಸಾಕ್ಷಿ. ಸೋಲ್ ನಗರದ ಅಮೆರಿಕನ್ ಸೇನಾ ನೆಲೆಯಲ್ಲಿ 2000ದಲ್ಲಿ ಫಾರ್ಮಾಲ್ಡಿಹೈಡ್ ಅನ್ನು ಚರಂಡಿಗೆ ಸುರಿಸಿದ ನಿಜ ಘಟನೆಯಿಂದ ಆ ಕತೆ ಹೊರಡುತ್ತದೆ. ಹಾನ್ ನದಿಯಿಂದ ಪ್ರಾಣಿ ಎದ್ದ ಕೂಡಲೇ ಅಲ್ಲಿನ ಆಡಳಿತ ಅತ್ಯಂತ ಚುರುಕಾಗಿ ಕೆಲಸ ಮಾಡುತ್ತದೆ: ವೈರಸ್ ಇದೆ ಎಂದು ಸಾರುತ್ತದೆ, ಜನರನ್ನು ಕೂಡಿಹಾಕುತ್ತದೆ, ನದಿತೀರವನ್ನು ಮುಚ್ಚುತ್ತದೆ, ವಿಷದ ಹೊಗೆ ಬಿಡುತ್ತದೆ. ವೈರಸ್ ಇರುವುದೇ ಇಲ್ಲ. ಮಗಳು ಬದುಕಿದ್ದಾಳೆ ಎಂದು ಗೋಗರೆಯುವ ಬಡ ಅಪ್ಪನ ಮಾತನ್ನು ಕೇಳಲು ಮಾತ್ರ ಯಾರಿಗೂ ಪುರಸೊತ್ತಿಲ್ಲ. ಅಲ್ಲಿ ಒಂದು ಕುಟುಂಬವನ್ನು ಪ್ರಾಣಿಗಿಂತ ಹೆಚ್ಚಾಗಿ ಬೇಟೆಯಾಡುವುದು ವೇಗವಾಗಿ ಓಡುವ ಸರ್ಕಾರ.

ನನ್ನ ವಾದಕ್ಕೆ ಎದುರಾಗಿ ಬರಬಹುದಾದ ಬಲವಾದ ಆಕ್ಷೇಪ ಯಾಗುಚಿಯ ತಂಡದ್ದು. ಬೇರೆ ಬೇರೆ ಇಲಾಖೆಗಳ ಮೂಲೆಗುಂಪಾದ ಅಧಿಕಾರಿಗಳು, ಹಟಮಾರಿ ಸಂಶೋಧಕರು ಒಂದು ಕೋಣೆ ಸೇರುತ್ತಾರೆ. ಇಲ್ಲಿ ಹುದ್ದೆಯ ಮೇಲುಕೀಳಿಲ್ಲವೆಂದು ಅವರಿಗೆ ಮೊದಲೇ ಹೇಳಲಾಗುತ್ತದೆ. ಗಾಡ್ಜಿಲ್ಲಾವನ್ನು ಹೆಪ್ಪುಗಟ್ಟಿಸುವ ದಾರಿ ಕಂಡುಹಿಡಿಯುವವರು ಅವರೇ. ಇದು ಪದ್ಧತಿಯ ಮೇಲೆ ಪ್ರತಿಭೆಯ ಗೆಲುವಲ್ಲವೇ ಎನ್ನುತ್ತಾರೆ. ಆ ಕೋಣೆಯಲ್ಲಿ ಏನು ನಡೆಯುತ್ತದೆ ನೋಡಿ. ಅಲ್ಲಿ ನಡೆಯುವುದೂ ಸಭೆಯೇ, ಹಗಲು ರಾತ್ರಿ ನಡೆಯುವ ಸಭೆ. ಝೆರಾಕ್ಸ್ ಯಂತ್ರ ಬರುತ್ತದೆ, ಮೇಜಿನ ಮೇಲೆ ಕಾಗದದ ರಾಶಿ ಬೀಳುತ್ತದೆ, ರಾಸಾಯನಿಕ ಕಾರ್ಖಾನೆಗಳಿಗೆ ಒಂದೊಂದಾಗಿ ಫೋನು ಹೋಗುತ್ತದೆ, ಲೆಕ್ಕ ಬಿಡಿಸಲು ಜರ್ಮನಿಯ ಸಂಸ್ಥೆಯೊಂದು ತನ್ನ ಸೂಪರ್ ಕಂಪ್ಯೂಟರನ್ನು ನಂಬಿಕೆಯ ಮೇಲೆ ಬಿಟ್ಟುಕೊಡುತ್ತದೆ. ಬದಲಾದದ್ದು ಒಂದೇ. ಪ್ರಧಾನಿಯ ಮೇಜಿನಲ್ಲಿ ಯಾರೂ ಕಿವಿಗೊಡದಿದ್ದ ಒಗಾಶಿರಾಳ ಮಾತಿಗೆ ಇಲ್ಲಿ ಎಲ್ಲರೂ ಕಿವಿಗೊಡುತ್ತಾರೆ. ಸಿನಿಮಾದ ಗೆಲುವು ಸಭೆ ಮುಗಿದದ್ದರಿಂದ ಬಂದುದಲ್ಲ, ಸಭೆ ಕೊನೆಗೂ ನಿಜವಾದ ಸಭೆಯಾದದ್ದರಿಂದ ಬಂದದ್ದು.

ಯಾಗುಚಿಯನ್ನು ಏಕಾಂಗಿ ವೀರನೆನ್ನುವವರು ಹಂಗಾಮಿ ಪ್ರಧಾನಿ ಸಾತೋಮಿಯನ್ನು ಪೂರ್ತಿ ಮರೆತಿರುತ್ತಾರೆ. ಸಂಪುಟದ ಹಿರಿಯರೆಲ್ಲ ಸತ್ತ ಮೇಲೆ ಕುರ್ಚಿಗೆ ಬಂದ ಕೃಷಿ ಸಚಿವರು ಅವರು, ನೂಡಲ್ಸ್ ಮೆತ್ತಗಾಯಿತೆಂದು ಗೊಣಗುವ ಮುದುಕ. ಟೋಕಿಯೊ ಮೇಲೆ ಅಣುಬಾಂಬು ಹಾಕಲು ವಿಶ್ವಸಂಸ್ಥೆಯ ಒಪ್ಪಿಗೆ ಸಿಕ್ಕಿ, ಗಂಟೆಗಳ ಎಣಿಕೆ ಶುರುವಾಗಿರುತ್ತದೆ. ಜಪಾನಿನ ನೆಲದ ಮೇಲೆ ಮೂರನೆಯ ಬಾಂಬು. ಅಮೆರಿಕದ ಪ್ರತಿನಿಧಿ ಕಾಯೊಕೊ, ಅಣುಬಾಂಬಿನ ದಾಳಿ ಕಂಡ ಅಜ್ಜಿಯ ಮೊಮ್ಮಗಳು; ತನ್ನ ಅಧಿಕಾರದ ಕನಸನ್ನು ಪಣಕ್ಕಿಟ್ಟು ಅದನ್ನು ತಡೆಯಲು ಹೆಣಗುತ್ತಾಳೆ. ಕೊನೆಗೆ ಬೇಕಾದ ಕಾಲಾವಕಾಶ ಸಿಗುವುದು ಫ್ರಾನ್ಸಿನ ರಾಯಭಾರಿಯ ಮುಂದೆ ಸಾತೋಮಿ ಸೊಂಟ ಬಾಗಿಸಿ, ಬಗ್ಗಿದವರು ಏಳದೆ ನಿಂತಾಗ. ಅಣುಬಾಂಬಿನಿಂದ ರಾಜಧಾನಿಯನ್ನು ಉಳಿಸಿದ್ದು ಗುಡುಗುವ ಭಾಷಣವಲ್ಲ. ಬಾಗಿದ ಬೆನ್ನು, ಪತ್ರ, ಮಾತುಕತೆ, ತಡ ಮಾಡುವ ಕಲೆ. ಹೌದು, ಇಲ್ಲಿ ತಡವೇ ಜೀವ ಉಳಿಸುತ್ತದೆ. ನಿಧಾನವನ್ನು ಖಳನನ್ನಾಗಿ ಮಾಡಿದವರು ಈ ದೃಶ್ಯವನ್ನು ಎಲ್ಲಿಡುತ್ತಾರೆ?

ತಪ್ಪು ವ್ಯಾಖ್ಯಾನದಿಂದ ಲಾಭ ಪಡೆಯುವವರಿದ್ದಾರೆ. ಅದಕ್ಕೇ ಅದು ಇಷ್ಟು ಗಟ್ಟಿಯಾಗಿ ನಿಂತಿದೆ. ಸಿನಿಮಾ ಬಂದ ಕಾಲವನ್ನು ನೆನೆಯಿರಿ. ಆಗ ಆಳುತ್ತಿದ್ದ ಪಕ್ಷ 2012ರಲ್ಲಿ ಮುಂದಿಟ್ಟಿದ್ದ ಸಂವಿಧಾನದ ಕರಡಿನಲ್ಲಿ, ತುರ್ತು ಪರಿಸ್ಥಿತಿಯಲ್ಲಿ ಸಂಪುಟವೇ ಕಾನೂನಿಗೆ ಸಮನಾದ ಆದೇಶ ಹೊರಡಿಸಬಹುದು ಎಂಬ ವಿಧಿಯಿತ್ತು. 2013ರ ಡಿಸೆಂಬರ್‌ನಲ್ಲಿ ಸರ್ಕಾರಿ ರಹಸ್ಯಗಳ ಹೊಸ ಕಾನೂನು ಬಂತು. 2015ರ ಸೆಪ್ಟೆಂಬರ್‌ನಲ್ಲಿ, ಸಂಸತ್ತಿನ ಮುಂದೆ ವಿದ್ಯಾರ್ಥಿಗಳು ಮಳೆಯಲ್ಲಿ ನಿಂತು ಪ್ರತಿಭಟಿಸುತ್ತಿರುವಾಗಲೇ, ಸೈನ್ಯದ ಕಾರ್ಯವ್ಯಾಪ್ತಿ ಹಿಗ್ಗಿಸುವ ಮಸೂದೆಗಳು ಪಾಸಾದವು. 2016ರ ಜುಲೈ 10ರ ಮೇಲ್ಮನೆ ಚುನಾವಣೆಯಲ್ಲಿ ಸಂವಿಧಾನ ತಿದ್ದುಪಡಿಯ ಪರವಾದ ಪಕ್ಷಗಳಿಗೆ ಮೂರನೇ ಎರಡರಷ್ಟು ಬಲ ಸಿಕ್ಕಿತು. ಅದಾದ ಮೂರು ವಾರದೊಳಗೆ ಗಾಡ್ಜಿಲ್ಲಾ ತೆರೆಗೆ ಬಂದದ್ದು. ಸೆಪ್ಟೆಂಬರ್‌ನಲ್ಲಿ ಪ್ರಧಾನಿ ಶಿಂಜೊ ಅಬೆ ಸೈನ್ಯದ ಹಿರಿಯ ಅಧಿಕಾರಿಗಳ ಮುಂದೆ ಈ ಸಿನಿಮಾದ ಪ್ರಸ್ತಾಪ ತೆಗೆದು, ಅದರ ಜನಪ್ರಿಯತೆಯ ಹಿಂದೆ ಆತ್ಮರಕ್ಷಣಾ ಪಡೆಗೆ ಜನ ಕೊಡುವ ಬೆಂಬಲವಿದೆ ಎಂಬರ್ಥದ ಮಾತಾಡಿದರು. ತಾಮಾ ನದಿಯ ದಡದಲ್ಲಿ ಆ ಪಡೆಯ ಪ್ರತಿ ಗುಂಡೂ ವ್ಯರ್ಥವಾಗುವುದನ್ನು ತೋರಿಸುವ ಸಿನಿಮಾದ ಬಗ್ಗೆ ಆಡಿದ ಮಾತು ಇದು.

ಇದಕ್ಕೆ ಹೋಲಿಸಿದರೆ ಮಾಜಿ ರಕ್ಷಣಾ ಸಚಿವ ಶಿಗೆರು ಇಶಿಬಾ ಎತ್ತಿದ ತಕರಾರು ಎಷ್ಟೋ ಮೇಲು. ಗಾಡ್ಜಿಲ್ಲಾ ಒಂದು ದೇಶವಲ್ಲ, ಅದರ ವಿರುದ್ಧ ಯುದ್ಧಕಾಲದ ರಕ್ಷಣಾ ಆದೇಶ ಏಕೆ, ವಿಪತ್ತು ಪರಿ‌ಹಾರದ ಆದೇಶ ಸಾಲದೇ ಎಂದು ಅವರು ಕೇಳಿದರು. ಹಲವರಿಗೆ ಇದು ಕೂದಲು ಸೀಳುವ ವಾದವೆನಿಸಿತು. ನನಗೆ ಇದು ಪ್ರಜಾಪ್ರಭುತ್ವ ಕೇಳಲೇಬೇಕಾದ ಮೊದಲ ಪ್ರಶ್ನೆ ಎನಿಸುತ್ತದೆ. ತನ್ನ ಊರಿನೊಳಗೆ ಫಿರಂಗಿ ಹಾರಿಸುವ ಅಧಿಕಾರ ಸರ್ಕಾರಕ್ಕೆ ಯಾವ ಕಾನೂನಿನಿಂದ ಬರುತ್ತದೆ? ಆ ಪ್ರಶ್ನೆಗೆ ಬೇಸರಪಡುವ ಜನ ಒಂದು ದಿನ ಫಿರಂಗಿ ತಮ್ಮ ಕಡೆ ತಿರುಗಿದಾಗ ಕೇಳಲು ಪ್ರಶ್ನೆಯೇ ಇಲ್ಲದೆ ನಿಲ್ಲುತ್ತಾರೆ.

ಈ ಸಿನಿಮಾದಲ್ಲಿ ಕುಂದಿಲ್ಲವೆಂದು ನಾನು ಹೇಳುವುದಿಲ್ಲ. ಸಾಮಾನ್ಯ ಜನ ಇಲ್ಲಿ ಓಡುವುದಕ್ಕೆ, ಸಾಯುವುದಕ್ಕೆ ಮಾತ್ರ ಬರುತ್ತಾರೆ. ಅವರ ಬಾಯಲ್ಲಿ ಮಾತಿಲ್ಲ. ಕಿವುಡುತನವನ್ನು ಖಂಡಿಸುವ ಸಿನಿಮಾ ಪ್ರಜೆಯ ದನಿಯನ್ನು ಕೇಳಿಸದೆ ಹೋದದ್ದು ದೊಡ್ಡ ಕೊರತೆ. ನಾಶದಿಂದಲೇ ದೇಶ ಮತ್ತೆ ಕಟ್ಟಿಕೊಳ್ಳುತ್ತದೆ ಎಂಬ ಕೊನೆಯ ಆಶಾವಾದದಲ್ಲಿ ರಾಷ್ಟ್ರವಾದಿಗಳಿಗೆ ಹಿಡಿಯಲು ಒಂದು ಕೊಂಬೆ ಸಿಗುತ್ತದೆ ಎಂಬುದೂ ನಿಜ. ಟೀಕೆ ಮಾಡಬೇಕಾದದ್ದು ಇದನ್ನು. ಅದನ್ನು ಬಿಟ್ಟು, ಸಿನಿಮಾ ಹೇಳದ ನೀತಿಯನ್ನು ಅದರ ತಲೆಗೆ ಕಟ್ಟಿ ಚಪ್ಪಾಳೆ ತಟ್ಟುವುದಾಗಲಿ ಉಗುಳುವುದಾಗಲಿ ವಿಮರ್ಶೆಯಲ್ಲ.

ಸಿನಿಮಾದ ಕೊನೆಯಲ್ಲಿ ಗಾಡ್ಜಿಲ್ಲಾ ಸಾಯುವುದಿಲ್ಲ. ಟೋಕಿಯೊ ನಿಲ್ದಾಣದ ಬಳಿ ಹೆಪ್ಪುಗಟ್ಟಿ ನಿಲ್ಲುತ್ತದೆ. ಅಣುಬಾಂಬಿನ ಗಡಿಯಾರ ರದ್ದಾಗಿಲ್ಲ, ನಿಂತಿದೆ ಅಷ್ಟೆ. ಪ್ರಾಣಿ ಮಿಸುಕಿದರೆ ಆ ಗಡಿಯಾರ ಮತ್ತೆ ಓಡುತ್ತದೆ. ಇದರೊಡನೆ ಬಾಳುವುದನ್ನು ಕಲಿಯಬೇಕು ಎನ್ನುತ್ತಾನೆ ಯಾಗುಚಿ. ಸಂಪುಟ ಹೊಣೆ ಹೊತ್ತು ರಾಜೀನಾಮೆಗೆ ಸಿದ್ಧವಾಗುತ್ತದೆ. ನಿಜ ಜಪಾನಿನಲ್ಲಿ ಕರಗಿದ ಇಂಧನ ಇನ್ನೂ ಸ್ಥಾವರದ ಒಡಲಲ್ಲಿದೆ, ಅದಕ್ಕೆ ನೀರು ಹಾಯಿಸುತ್ತಲೇ ಇರಬೇಕು, ಆ ನೀರನ್ನು ಸಂಸ್ಕರಿಸಿ 2023ರ ಆಗಸ್ಟ್‌ನಿಂದ ಸಮುದ್ರಕ್ಕೆ ಬಿಡಲಾಗುತ್ತಿದೆ. ಟೆಪ್ಕೊದ ಮೂವರು ಹಿರಿಯ ಅಧಿಕಾರಿಗಳನ್ನು ಟೋಕಿಯೊ ಜಿಲ್ಲಾ ನ್ಯಾಯಾಲಯ 2019ರಲ್ಲಿ ಖುಲಾಸೆ ಮಾಡಿತು, 2023ರಲ್ಲಿ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ಹತ್ತಾರು ವರ್ಷ ಕಾಯಬೇಕಾದ ಇಂಥ ಅಪಾಯವನ್ನು ಒಬ್ಬ ಧೀರನ ಒಂದು ದಿನದ ಸಾಹಸ ಕಾಯಲಾರದು. ಅದಕ್ಕೆ ಬೇಕಾದದ್ದು ಅಳತೆ ತೆಗೆಯುವವರು, ಬರೆದಿಡುವವರು, ಬರೆದದ್ದನ್ನು ಊರಿಗೆಲ್ಲ ಓದಿ ಹೇಳುವವರು, ತಪ್ಪು ಕಂಡರೆ ಹುದ್ದೆ ನೋಡದೆ ಹೇಳುವವರು, ಹೇಳಿದವರನ್ನು ಕಾಯುವ ಕಾನೂನು.

ಆದ್ದರಿಂದ ‘ಈಗ ಪ್ರಶ್ನೆ ಕೇಳುವ ಹೊತ್ತಲ್ಲ, ಕೆಲಸ ಮಾಡಲು ಬಿಡಿ’ ಎಂದು ಯಾವ ನಾಯಕ ಯಾವ ದುರಂತದ ನಡುವೆ ಹೇಳಿದರೂ, ‘ಶಿನ್ ಗಾಡ್ಜಿಲ್ಲಾ’ವನ್ನು ಸರಿಯಾಗಿ ನೋಡಿದವರು ಅವನ ಜೊತೆ ತಲೆಯಾಡಿಸಕೂಡದು. ಈ ಅಪಾಯ ಯಾರಿಗೆ ಎಂದಿನಿಂದ ಗೊತ್ತಿತ್ತು, ಅದನ್ನು ಹೇಳಿದವರನ್ನು ಯಾರು ಸುಮ್ಮನಾಗಿಸಿದರು, ಇಂದಿನ ಆದೇಶ ಯಾವ ಕಾನೂನಿನಡಿ ಹೊರಟಿತು, ಅದರ ನಡಾವಳಿ ಎಲ್ಲಿದೆ ಎಂದು ಆಗಲೇ, ಅಲ್ಲೇ, ಎಲ್ಲರ ಎದುರು ಕೇಳಬೇಕು. ಉತ್ತರ ಬರಲು ತಡವಾದರೆ ಆಗಲಿ, ಪ್ರಶ್ನೆ ಮಾತ್ರ ತಡವಾಗಬಾರದು.